‘ನಂಗೆ ಇಂಗ್ಲಿಷ್ ಬರಲ್ಲ’: ಒಳಮಾತನ್ನು ಹಿಡಿದು ತಿದ್ದಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಗೆ ‘ವೇಗೋತ್ಕರ್ಷ’ ಚೆನ್ನಾಗಿ ಗೊತ್ತು. ಮೇಷ್ಟ್ರು ‘ಆಕ್ಸಿಲರೇಷನ್’ ಅಂದಾಗ ಅದೇ ಇದು ಅಂತ ತಿಳಿಯುವುದಿಲ್ಲ. ಮೊದಲ ವಾರದಲ್ಲೇ ಮನಸ್ಸಿಗೆ ಒಂದು ಮಾತು ಬರುತ್ತದೆ: ‘ನಂಗೆ ಇಂಗ್ಲಿಷ್ ಬರಲ್ಲ.’ ಆ ವಾರದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜವೇ. ಆದರೆ ಆ ಮಾತು ಇರುವುದರಿಂದ ಅವಳು ತರಗತಿಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಕೇಳದೆ ಇರುವುದರಿಂದ ನಾಲಿಗೆಗೆ ರೂಢಿಯಾಗುವುದಿಲ್ಲ. ರೂಢಿಯಿಲ್ಲದ್ದರಿಂದ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಡವರಿಸುತ್ತಾಳೆ. ತಡವರಿಸಿದ್ದು ‘ನೋಡು, ಬರಲ್ಲ ಅಂದಿದ್ದೆನಲ್ಲ’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಎಂಟು-ಹತ್ತು ವರ್ಷ ಕಳೆದು ಬೆಂಗಳೂರಿನ ಆಫೀಸಿನಲ್ಲಿ ಕೂತಾಗ ಆ ಮಾತು ಭಾಷೆಯನ್ನು ದಾಟಿ ಹೋಗಿರುತ್ತದೆ. ‘ನಾನು ಮೀಟಿಂಗಲ್ಲಿ ಮಾತಾಡೋ ಪೈಕಿಯವಳಲ್ಲ’ ಎಂದು ಅವಳ ಪರಿಚಯವೇ ಆಗಿರುತ್ತದೆ.

ನಮಗೆ ನಾವು ಹೇಳಿಕೊಳ್ಳುವ ಮಾತು ವ್ಯಕ್ತಿತ್ವವನ್ನು ರೂಪಿಸುವುದು ಹೀಗೆ. ಆ ಮಾತಿನಿಂದ ಏನು ಮಾಡುತ್ತೇವೆ, ಏನು ಮಾಡದೆ ಬಿಡುತ್ತೇವೆ ಎಂಬುದರಲ್ಲಿ ಅದರ ಬಲವಿದೆ. ಆದ್ದರಿಂದ ಬೆಳಗ್ಗೆ ಕನ್ನಡಿ ಮುಂದೆ ನಿಂತು ಒಳ್ಳೊಳ್ಳೆ ಮಾತು ಹೇಳಿಕೊಂಡರೆ ಹೆಚ್ಚೇನೂ ಬದಲಾಗುವುದಿಲ್ಲ. ಹಳೆಯ ಮಾತನ್ನು ಇದ್ದ ಹಾಗೆ ಹಿಡಿಯಬೇಕು, ನಂಬಲು ಸಾಧ್ಯವಾಗುವ ಮಾತನ್ನು ಅದರ ಜಾಗಕ್ಕೆ ತರಬೇಕು, ಆ ಹೊಸ ಮಾತಿಗೆ ಒಂದು ಕೆಲಸವನ್ನು ಕಟ್ಟಬೇಕು. ಇಡೀ ಮಾರ್ಗದರ್ಶಿಯಲ್ಲಿ ಇಂಗ್ಲಿಷ್ ಮಾತಿನ ಹಿಂಜರಿಕೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮ್ಮದು ಗಣಿತ, ತೂಕ, ಹಣಕಾಸು, ಅಡುಗೆ ಯಾವುದೇ ಆಗಿರಲಿ, ಹೆಜ್ಜೆಗಳು ಅವೇ.

ಈ ಮಾತು ಬಂದದ್ದು ಎಲ್ಲಿಂದ

ಮೂರು-ನಾಲ್ಕು ವರ್ಷದ ಮಗು ಆಡುವಾಗ ತನ್ನಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಳ್ಳುತ್ತದೆ: ‘ಇದು ಇಲ್ಲಿ ಬೇಡ, ಅಲ್ಲಿಡು.’ ರಷ್ಯದ ಮನೋವಿಜ್ಞಾನಿ ಲೆವ್ ವಿಗಾಟ್ಸ್ಕಿ ಇದನ್ನು ಗಮನಿಸಿ, ದೊಡ್ಡವರು ಮಗುವಿಗೆ ಹೇಳುವ ಮಾತೇ ಮೊದಲು ಮಗುವಿನ ಬಾಯಿಗೆ ಬಂದು ಆಮೇಲೆ ಒಳಗಿಳಿಯುತ್ತದೆ ಎಂದರು. 1934ರಲ್ಲಿ ಪ್ರಕಟವಾದ ಅವರ ಕೃತಿಯ ಮುಖ್ಯ ವಾದಗಳಲ್ಲಿ ಇದೂ ಒಂದು. ಏಳೆಂಟು ವರ್ಷದ ಹೊತ್ತಿಗೆ ಗಟ್ಟಿಮಾತು ಪಿಸುಮಾತಾಗಿ, ಕೊನೆಗೆ ಸದ್ದಿಲ್ಲದ ಒಳಮಾತಾಗುತ್ತದೆ.

ಇದರಿಂದ ಒಂದು ಉಪಯೋಗವಿದೆ. ನಿಮ್ಮ ಒಳಮಾತಿನಲ್ಲಿರುವ ಪದಗಳು ಬಹುಪಾಲು ಯಾರೋ ಆಡಿದವು. ‘ಅತಿ ಮಾಡ್ಬೇಡ’, ‘ನಿನ್ ಕೈಲಿ ಆಗೋದಲ್ಲ’, ‘ನಾಲ್ಕು ಜನ ಏನಂತಾರೆ’: ಇವನ್ನು ಯಾರ ಧ್ವನಿಯಲ್ಲಿ ಕೇಳಿದ್ದಿರಿ ಎಂದು ಅನೇಕರಿಗೆ ತಕ್ಷಣ ನೆನಪಾಗುತ್ತದೆ. ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಹೊರಗಿನಿಂದ ಕಲಿತದ್ದನ್ನು ಮತ್ತೆ ಕಲಿಯಬಹುದು ಎಂಬುದಷ್ಟೇ ಇಲ್ಲಿ ಬೇಕಾದದ್ದು.

ಎಲ್ಲರಿಗೂ ಒಳಮಾತು ವಾಕ್ಯವಾಗಿ ಬರುವುದಿಲ್ಲ ಎಂಬುದನ್ನೂ ತಿಳಿದಿರಿ. ಅಮೆರಿಕದ ಮನೋವಿಜ್ಞಾನಿ ರಸ್ಸೆಲ್ ಹರ್ಲ್‌ಬರ್ಟ್ ಜನರ ಜೇಬಿಗೆ ಬೀಪರ್ ಕೊಟ್ಟು, ಅದು ಸದ್ದು ಮಾಡಿದ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ದಶಕಗಳ ಕಾಲ ದಾಖಲಿಸಿದ್ದಾರೆ. ಕೆಲವರಲ್ಲಿ ಮಾತು ಧಾರಾಳ. ಕೆಲವರಲ್ಲಿ ಚಿತ್ರ, ಭಾವ, ಮೈಯ ಅನುಭವವೇ ಹೆಚ್ಚು, ಮಾತು ಇಲ್ಲವೆನ್ನುವಷ್ಟು ಕಡಿಮೆ. ನಿಮಗೆ ಎಲ್ಲರೂ ನಿಮ್ಮತ್ತ ತಿರುಗಿ ನೋಡುವ ಚಿತ್ರ ಮಾತ್ರ ಬರುತ್ತಿದ್ದರೆ, ‘ಈ ಚಿತ್ರಕ್ಕೆ ಬಾಯಿ ಇದ್ದಿದ್ದರೆ ಏನನ್ನುತ್ತಿತ್ತು?’ ಎಂದು ಕೇಳಿ, ಬಂದ ಮಾತನ್ನು ಬರೆದುಕೊಳ್ಳಿ. ಮುಂದಿನ ಕೆಲಸಕ್ಕೆ ಅಷ್ಟು ಸಾಕು.

ಬೇಕಾದ್ದು

ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್, ಒಂದು ಪೆನ್ನು. ಫೋನಿನಲ್ಲೂ ಬರೆಯಬಹುದು, ಆದರೆ ಫೋನ್ ಕೈಗೆತ್ತಿಕೊಂಡರೆ ವಾಟ್ಸಾಪ್ ಎಳೆದೊಯ್ಯುತ್ತದೆ. ಹಿಡಿಯಬೇಕಾದ ವಾಕ್ಯ ಆ ಅರ್ಧ ನಿಮಿಷದಲ್ಲೇ ಜಾರಿರುತ್ತದೆ. ದಿನಕ್ಕೆ ಒಟ್ಟು 10 ನಿಮಿಷ, 8ನೇ ದಿನ ಮಾತ್ರ 40. ಅವಧಿ 12 ವಾರ. ವಿಷಯ ಒಂದೇ ಇರಲಿ. ಇಂಗ್ಲಿಷ್, ತೂಕ, ಮದುವೆ, ಸಾಲ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದವರ ಪುಸ್ತಕ ಸಾಮಾನ್ಯವಾಗಿ ಎರಡನೇ ವಾರಕ್ಕೆ ಡ್ರಾಯರ್ ಸೇರುತ್ತದೆ.

ಹೆಜ್ಜೆ 1: ಮಾತನ್ನು ಬಂದ ಹಾಗೇ ಬರೆದುಕೊಳ್ಳಿ (ಮೊದಲ 7 ದಿನ)

ಈ ವಾರ ಏನನ್ನೂ ತಿದ್ದಬಾರದು. ಹಿಡಿಯುವುದಷ್ಟೇ ಕೆಲಸ. ದಿನಕ್ಕೆ ಮೂರರಿಂದ ಐದು ದಾಖಲೆ, ವಾರಕ್ಕೆ 21ರಿಂದ 35.

ಯಾವಾಗ ಬರೆಯಬೇಕು ಎಂಬುದನ್ನು ಮೈಯೇ ಹೇಳುತ್ತದೆ. ಗಂಟಲು ಬಿಗಿಯುವುದು, ಕಿವಿ ಬಿಸಿಯಾಗುವುದು, ಕಾರಣವಿಲ್ಲದೆ ಕೈ ಫೋನಿನ ಕಡೆ ಹೋಗುವುದು, ‘ಒಂದು ನಿಮಿಷ ಬಂದೆ’ ಎಂದು ಎದ್ದು ಹೋಗಬೇಕೆನಿಸುವುದು. ಇವುಗಳ ಹಿಂದಿನ ಎರಡು ಸೆಕೆಂಡಿನಲ್ಲಿ ಒಂದು ಮಾತು ಬಂದುಹೋಗಿರುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇಂಥವನ್ನು ‘ತಾನಾಗಿ ಬರುವ ಆಲೋಚನೆಗಳು’ ಎಂದು ಗುರುತಿಸಿ, ಅವುಗಳ ಮೇಲೇ ತಮ್ಮ ಚಿಕಿತ್ಸಾಕ್ರಮವನ್ನು ಕಟ್ಟಿದರು. ಅವು ಚಿಕ್ಕವು, ಅರೆಬರೆಯವು, ಕ್ಷಣದಲ್ಲಿ ಬಂದುಹೋಗುವಂಥವು. ಆದ್ದರಿಂದಲೇ ಯಾರೂ ಅವನ್ನು ಪ್ರಶ್ನಿಸುವುದಿಲ್ಲ.

ಪ್ರತಿ ದಾಖಲೆಯಲ್ಲಿ ನಾಲ್ಕು ಸಂಗತಿ ಇರಲಿ: ಹೊತ್ತು ಮತ್ತು ಜಾಗ; ಕ್ಯಾಮೆರಾ ಇದ್ದಿದ್ದರೆ ಏನು ಕಾಣುತ್ತಿತ್ತೋ ಅಷ್ಟು; ಬಂದ ಮಾತು, ಬಂದ ಭಾಷೆಯಲ್ಲೇ, ಬೈಗುಳವಿದ್ದರೆ ಬೈಗುಳದ ಸಮೇತ; ಆ ಮಾತಿನ ನಂತರ ನೀವು ಮಾಡಿದ್ದು. ಒಂದು ಮಾದರಿ:

ಸೋಮವಾರ 10.40, ಟೀಮ್ ಮೀಟಿಂಗ್. ಮ್ಯಾನೇಜರ್ ‘ಎನಿ ಅಪ್‌ಡೇಟ್ಸ್?’ ಅಂದರು, ನನ್ನ ಕಡೆ ನೋಡಿದರು. ಬಂದ ಮಾತು: ‘ಬಾಯಿ ಬಿಟ್ರೆ ಮಾನ ಹೋಗುತ್ತೆ, ಸುಮ್ನಿರು.’ ಮಾಡಿದ್ದು: ‘ನೋ ಅಪ್‌ಡೇಟ್ಸ್’ ಅಂದೆ. ಕೆಲಸ ಶುಕ್ರವಾರವೇ ಮುಗಿದಿತ್ತು.

ಕೊನೆಯ ಸಾಲನ್ನು ನೋಡಿ. ಮುಗಿಸಿದ ಕೆಲಸ ಯಾರಿಗೂ ಗೊತ್ತಾಗದೆ ಹೋಯಿತು. ನಾಲ್ಕನೇ ಸಂಗತಿಯನ್ನೇ ಹೆಚ್ಚಿನವರು ಬರೆಯದೆ ಬಿಡುತ್ತಾರೆ, ಆದರೆ ಒಳಮಾತಿಗೆ ತೆರುವ ಬೆಲೆ ಕಾಣುವುದು ಅಲ್ಲೇ.

ಈ ಹೆಜ್ಜೆಯಲ್ಲಿ ಆಗುವ ತಪ್ಪುಗಳು ಮೂರು. ಒಂದು, ಮಾತಿನ ಬದಲು ಅದರ ಸಾರಾಂಶ ಬರೆಯುವುದು. ‘ಆತ್ಮವಿಶ್ವಾಸದ ಕೊರತೆ’ ಎಂದು ಮನಸ್ಸು ಯಾವತ್ತೂ ಹೇಳುವುದಿಲ್ಲ. ಅದು ಭಾಷಣದ ಕನ್ನಡ. ಎರಡು, ರಾತ್ರಿ ಕೂತು ಇಡೀ ದಿನದ್ದನ್ನು ನೆನಪಿನಿಂದ ಬರೆಯುವುದು. ರಾತ್ರಿಯ ದಣಿವು ಬೆಳಗಿನ ಮಾತಿಗೂ ತನ್ನ ಬಣ್ಣ ಹಚ್ಚುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ಮಾತು ಬಂದ ಕೂಡಲೇ ಅದನ್ನು ಅದುಮಿಬಿಡುವುದು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿದರೆ ಅದೇ ಮತ್ತೆ ಮತ್ತೆ ನೆನಪಾಗುತ್ತದೆ ಎಂದು ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರ ಪ್ರಯೋಗದಲ್ಲಿ ತೋರಿಸಿದ್ದಾರೆ. ಅದುಮಿದರೆ ಹೆಚ್ಚು, ಬರೆದರೆ ಸಡಿಲ.

ಮೂರನೇ-ನಾಲ್ಕನೇ ದಿನಕ್ಕೆ ‘ಮೊದಲಿಗಿಂತ ಜಾಸ್ತಿ ಕೆಟ್ಟ ಮಾತು ಬರ್ತಿದೆ’ ಅನ್ನಿಸುವುದುಂಟು. ಸಾಮಾನ್ಯವಾಗಿ ಮಾತು ಹೆಚ್ಚಾಗಿರುವುದಿಲ್ಲ, ಕಾಣುವುದು ಹೆಚ್ಚಾಗಿರುತ್ತದೆ. ಮುಂದುವರಿಸಿ.

ಹೆಜ್ಜೆ 2: ಯಾವುದು ತೀರ್ಪು, ಯಾವುದು ಸುದ್ದಿ (8ನೇ ದಿನ, 40 ನಿಮಿಷ)

ಎಲ್ಲ ದಾಖಲೆಗಳನ್ನೂ ಒಮ್ಮೆಗೇ ಓದಿ. ಮೂವತ್ತು ಮಾತಿದ್ದರೂ ಮೂಲದಲ್ಲಿ ಮೂರೋ ನಾಲ್ಕೋ ವಾಕ್ಯಗಳೇ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಅಕ್ಷರ ಹಾಕಿ: ಸೂಚನೆಯಾದರೆ ಸೂ (‘ನಿಧಾನ, ಮೊದಲು ಫೈಲ್ ತೆಗಿ’), ಭವಿಷ್ಯವಾದರೆ ಭ (‘ನಗ್ತಾರೆ’), ಹೋಲಿಕೆಯಾದರೆ ಹೋ (‘ಅವಳು ಕಾನ್ವೆಂಟು’), ತೀರ್ಪಾದರೆ ತೀ (‘ನನ್ನ ಕೈಲಾಗಲ್ಲ’, ‘ನಾನು ಇಷ್ಟೇ’).

ಸೂಚನೆಗಳನ್ನು ಮುಟ್ಟಬೇಡಿ. ಅವು ಸ್ವಲ್ಪ ಗಡುಸಾಗಿದ್ದರೂ ಕೆಲಸಕ್ಕೆ ಬರುತ್ತವೆ. ವ್ಯಕ್ತಿತ್ವದ ಮೇಲೆ ಕೂರುವುದು ತೀರ್ಪುಗಳು. ಗುರುತಿಸುವುದು ಸುಲಭ: ಆ ವಾಕ್ಯಕ್ಕೆ ತಾರೀಖು ಹಾಕಲು ಬರುತ್ತದೆಯೇ ನೋಡಿ. ‘ಇವತ್ತಿನ ಮೀಟಿಂಗಲ್ಲಿ ಎರಡು ಕಡೆ ತಡವರಿಸಿದೆ’ ಎಂಬುದಕ್ಕೆ ತಾರೀಖಿದೆ, ಅದು ಸುದ್ದಿ. ‘ನಂಗೆ ಬರಲ್ಲ’ ಎಂಬುದಕ್ಕೆ ಇಲ್ಲ. ಅದು ನಿನ್ನೆಗೂ ನಾಳೆಗೂ ಸೇರಿಸಿ ಕೊಟ್ಟ ತೀರ್ಪು.

ಅತಿ ಹೆಚ್ಚು ಸಲ ಬಂದಿರುವ ಒಂದು ತೀರ್ಪನ್ನು ಆರಿಸಿ. ಅದನ್ನು ಎಷ್ಟು ನಂಬುತ್ತೀರಿ ಎಂದು 0ಯಿಂದ 100ರೊಳಗೆ ಒಂದು ಅಂಕ ಕೊಟ್ಟು ತಾರೀಖಿನೊಂದಿಗೆ ಬರೆದಿಡಿ. ಈ ಅಂಕ ಮುಂದೆ ಬೇಕಾಗುತ್ತದೆ.

ಹೆಜ್ಜೆ 3: ನಂಬಲಾಗುವ ಮಾತನ್ನು ಬರೆಯಿರಿ

ಹೆಚ್ಚಿನ ಪ್ರಯತ್ನಗಳು ಮುರಿದು ಬೀಳುವುದು ಇಲ್ಲಿ. ‘ನಂಗೆ ಬರಲ್ಲ’ ಎಂಬುದರ ಜಾಗಕ್ಕೆ ‘ನಾನು ನಿರರ್ಗಳವಾಗಿ ಮಾತಾಡ್ತೀನಿ’ ಎಂದು ಬರೆದರೆ ಮನಸ್ಸು ತಕ್ಷಣ ವಾದಕ್ಕೆ ನಿಲ್ಲುತ್ತದೆ: ‘ಹೌದಾ? ಸೋಮವಾರ ಏನಾಯ್ತು?’ ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಭಾವಿಸಿದ್ದವರು ‘ನಾನು ಪ್ರೀತಿಗೆ ಪಾತ್ರ’ ಎಂಬರ್ಥದ ವಾಕ್ಯವನ್ನು ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಆಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅದೇ ಫಲ ಸಿಗಲಿಲ್ಲ, ಹಾಗಾಗಿ ಘೋಷಣೆಯಿಂದ ಕೆಡುಕೇ ಆಗುತ್ತದೆ ಎಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಯಾರಿಗೆ ಬದಲಾವಣೆ ಹೆಚ್ಚು ಬೇಕೋ ಅವರಿಗೆ ಘೋಷಣೆಯಿಂದ ಆಗುವ ಲಾಭದ ಮೇಲೆ ಭರವಸೆ ಇಡಬೇಡಿ.

ಹೊಸ ಮಾತಿಗೆ ಮೂರು ಭಾಗ ಇರಲಿ: ಈಗ ಇರುವ ಸ್ಥಿತಿ, ಅದರ ಎಲ್ಲೆ, ಮುಂದಿನ ಒಂದು ಕೆಲಸ. ನಮ್ಮ ಉದಾಹರಣೆಗೆ ಹೀಗೆ: ‘ಓದಿದ್ರೆ ಅರ್ಥ ಆಗುತ್ತೆ, ಮಾತಲ್ಲಿ ತಡವರಿಸ್ತೀನಿ, ಎರಡು ವಾಕ್ಯ ಬರ್ಕೊಂಡು ಹೋದ್ರೆ ಹೇಳ್ತೀನಿ.’ ಇದರಲ್ಲಿ ಹೊಗಳಿಕೆ ಇಲ್ಲ. ಇರುವುದೆಲ್ಲ ನಿಜ. ಈಗ ಇದಕ್ಕೂ ನಂಬಿಕೆಯ ಅಂಕ ಕೊಡಿ. 70ಕ್ಕಿಂತ ಕಡಿಮೆ ಬಂದರೆ ವಾಕ್ಯ ದೊಡ್ಡದಾಗಿದೆ ಎಂದರ್ಥ. ‘ಎರಡು ವಾಕ್ಯ’ವನ್ನು ‘ಒಂದು ವಾಕ್ಯ’ ಮಾಡಿ ನೋಡಿ.

‘ನಾನು ಸೋಮಾರಿ’ ಎನ್ನುವವರು ‘ಊಟ ಆದ್ಮೇಲೆ ಕೂತ್ರೆ ಏಳಲ್ಲ, ಊಟಕ್ಕೆ ಮುಂಚೆ ಹೊರಟ್ರೆ ನಡೀತೀನಿ’ ಎಂದು ಬರೆಯಬಹುದು. ‘ಗಣಿತ ನನ್ನ ತಲೆಗೆ ಹತ್ತಲ್ಲ’ ಎನ್ನುವ ವಿದ್ಯಾರ್ಥಿಗೆ ‘ಬೀಜಗಣಿತ ಬರುತ್ತೆ, ತ್ರಿಕೋನಮಿತಿಯ ಸೂತ್ರ ಮರೀತೀನಿ, ದಿನಾ ಎರಡು ಲೆಕ್ಕ’ ಎಂಬುದು ಸರಿಹೋಗುತ್ತದೆ. ‘ದುಡ್ಡು ನನ್ನ ಕೈಲಿ ನಿಲ್ಲಲ್ಲ’ ಎಂಬುದಕ್ಕೆ ‘ಸಂಬಳ ಬಂದ ಮೊದಲ ವಾರ ಖರ್ಚು ಮಾಡ್ತೀನಿ, ಒಂದನೇ ತಾರೀಖೇ ಆರ್‌ಡಿಗೆ ಹಾಕಿದ್ರೆ ಉಳಿಯುತ್ತೆ.’

ಒಳ್ಳೆಯ ಬಿರುದುಗಳ ಬಗ್ಗೆಯೂ ಎಚ್ಚರವಿರಲಿ. ಮಕ್ಕಳಿಗೆ ‘ಸಹಾಯ ಮಾಡು’ ಎನ್ನುವ ಬದಲು ‘ಸಹಾಯಗಾರನಾಗು’ ಎಂದರೆ ಅವರು ಹೆಚ್ಚು ನೆರವಾಗುತ್ತಾರೆ ಎಂದು 2014ರ ಒಂದು ಅಧ್ಯಯನ ಹೇಳಿತು. ಮುಂದೆ ಬೇರೆ ಸಂಶೋಧಕರು ಇನ್ನೊಂದನ್ನು ತೋರಿಸಿದರು: ಸಹಾಯ ಮಾಡಲು ಹೋಗಿ ಕೆಲಸ ಕೆಟ್ಟಾಗ, ಬಿರುದು ಪಡೆದ ಮಕ್ಕಳೇ ಹೆಚ್ಚು ಹಿಂಜರಿದರು. ಬಿರುದನ್ನು ಹೊತ್ತವರಿಗೆ ಒಂದು ಸೋಲು ತಮ್ಮ ಮೇಲಿನ ತೀರ್ಪಾಗಿಬಿಡುತ್ತದೆ. ನೀವು ಹಲವು ಸಲ ಎಡವುವ ಸಂಭವವಿರುವ ಆರಂಭದ ದಿನಗಳಲ್ಲಿ ‘ನಾನು ಒಳ್ಳೆಯ ಮಾತುಗಾರ್ತಿ’ಗಿಂತ ‘ಮಾತಾಡೋದನ್ನ ಕಲೀತಿದ್ದೀನಿ’ ಎಂಬುದೇ ಗಟ್ಟಿ.

ಭಾಷೆಯ ವಿಚಾರ ಮುಖ್ಯ. ಹಳೆಯ ಮಾತು ‘ನನಗ ಬರಂಗಿಲ್ಲ’ ಎಂದು ಧಾರವಾಡದ ಕನ್ನಡದಲ್ಲಿ ಬರುತ್ತಿದ್ದರೆ ಹೊಸ ಮಾತೂ ಅದೇ ಕನ್ನಡದಲ್ಲಿ ಇರಲಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಆಡುವವರು ಆ ಭಾಷೆಯಲ್ಲೇ ಬರೆಯಲಿ. ಪುಸ್ತಕದ ಕನ್ನಡದಲ್ಲಿ ಬರೆದ ವಾಕ್ಯ ಓದಲು ಚೆಂದ, ಗಂಟಲು ಬಿಗಿದ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ. ಉದ್ದ ಒಂದು ಉಸಿರಿನಷ್ಟು: ಎಂಟರಿಂದ ಹನ್ನೆರಡು ಪದ.

ಹೆಜ್ಜೆ 4: ಬಾಯಲ್ಲಿ ಹೇಳಿ, ಆಮೇಲೆ ಒಳಗಿಳಿಸಿ (2 ಮತ್ತು 3ನೇ ವಾರ)

ಬರೆದ ವಾಕ್ಯ ತಾನಾಗಿ ಒಳಮಾತಾಗುವುದಿಲ್ಲ. ಆತುರದ ಮಕ್ಕಳಿಗೆ ತಾಳ್ಮೆ ಕಲಿಸಲು ಡೊನಾಲ್ಡ್ ಮೈಕೆನ್‌ಬಾಮ್ ಮತ್ತು ಜೋಸೆಫ್ ಗುಡ್‌ಮನ್ 1971ರಲ್ಲಿ ಬಳಸಿದ ಕ್ರಮ ದೊಡ್ಡವರಿಗೂ ಹೊಂದುತ್ತದೆ: ಮೊದಲು ಗಟ್ಟಿಯಾಗಿ ಹೇಳುತ್ತಾ ಕೆಲಸ ಮಾಡುವುದು, ಆಮೇಲೆ ಪಿಸುಗುಟ್ಟುತ್ತಾ, ಕೊನೆಗೆ ಮನಸ್ಸಿನಲ್ಲೇ. ಮಗು ಮಾತನ್ನು ಒಳಗಿಳಿಸಿಕೊಳ್ಳುವ ದಾರಿಯೂ ಇದೇ.

ನಾಲ್ಕು ದಿನ ಗಟ್ಟಿಯಾಗಿ, ನಾಲ್ಕು ದಿನ ಪಿಸುಮಾತಲ್ಲಿ, ಉಳಿದ ದಿನ ಸದ್ದಿಲ್ಲದೆ. ಪ್ರತಿ ಸಲ ಐದು ಬಾರಿ, ದಿನಕ್ಕೆ ಎರಡು ಹೊತ್ತು. ಸುಮ್ಮನೆ ಜಪದಂತೆ ಹೇಳಿಕೊಳ್ಳದೆ ಕೆಲಸದ ಜೊತೆ ಹೇಳಿ: ನಾಳೆಯ ಅಪ್‌ಡೇಟನ್ನು ಕಾಗದದಲ್ಲಿ ಬರೆದು, ವಾಕ್ಯ ಹೇಳಿ, ಕೂಡಲೇ ಆ ಅಪ್‌ಡೇಟನ್ನು ಗಟ್ಟಿಯಾಗಿ ಓದಿ. ಮನೆಯಲ್ಲಿ ಜನ ತುಂಬಿದ್ದರೆ ಮಹಡಿ ಮೇಲೆ ಬಟ್ಟೆ ಒಣಹಾಕುವ ಹೊತ್ತು ಸಾಕು.

ಹೆಜ್ಜೆ 5: ಆ ಕ್ಷಣಕ್ಕೆ ನಾಲ್ಕು ಉಪಾಯ

ನಿಮ್ಮನ್ನು ಹೆಸರು ಹಿಡಿದು ಕರೆದುಕೊಳ್ಳಿ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ ‘ನಾನು’ ಎನ್ನದೆ ಸ್ವಂತ ಹೆಸರು ಹಿಡಿದು ತಮ್ಮೊಡನೆ ಮಾತಾಡಿಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಮುಗಿದ ಮೇಲೆ ಅದನ್ನೇ ಮೆಲುಕು ಹಾಕಿ ಕೊರಗುವುದೂ ಅವರಲ್ಲಿ ಕಡಿಮೆಯಿತ್ತು. 2017ರಲ್ಲಿ ಮಿದುಳಿನ ಅಲೆಗಳನ್ನು ಅಳೆದು ನೋಡಿದಾಗ ಭಾವದ ಉಬ್ಬರ ಒಂದು ಸೆಕೆಂಡಿನೊಳಗೆ ಇಳಿಯುವುದು ಕಂಡಿತು. ನಿಮ್ಮ ಹೆಸರು ಸವಿತಾ ಎಂದಾದರೆ: ‘ಸವಿತಾ, ಮೊದಲ ಸಾಲು ಓದು. ಅಷ್ಟೇ.’ ಮನಸ್ಸನ್ನೇ ಎದುರು ಕೂರಿಸಿಕೊಂಡು ‘ಮನವೇ’ ಎಂದು ಬುದ್ಧಿ ಹೇಳುವುದು ನಮ್ಮ ದಾಸರ ಪದಗಳಲ್ಲಿ ಶತಮಾನಗಳಿಂದ ಇದೆ. ಆ ವರಸೆ ಕಿವಿಗೆ ಹೊಸದಲ್ಲ. ಒಂದು ಎಚ್ಚರಿಕೆ: ಚಿಕ್ಕಂದಿನಲ್ಲಿ ಪೂರ್ತಿ ಹೆಸರು ಕೇಳಿಬರುತ್ತಿದ್ದದ್ದು ಬೈಯುವಾಗ ಮಾತ್ರ ಎಂದಾದರೆ ಆ ಹೆಸರು ಬೇಡ. ಅಜ್ಜಿ ಕರೆಯುತ್ತಿದ್ದ ಹೆಸರೋ ಗೆಳತಿಯರು ಕರೆಯುವ ಹೆಸರೋ ಇರಲಿ.

ಎದೆ ಹೊಡೆದುಕೊಳ್ಳುತ್ತಿರುವಾಗ ‘ಶಾಂತವಾಗಿರು’ ಎಂದರೆ ಮೈ ಕೇಳುವುದಿಲ್ಲ. ಆ ಹೊತ್ತಿನಲ್ಲಿ ‘ಹುರುಪು ಬಂದಿದೆ’ ಎಂದು ಹೇಳಿಕೊಂಡು ನೋಡಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಹಾಡು, ಭಾಷಣ, ಗಣಿತ ಮೂರರಲ್ಲೂ ಇದನ್ನು ಪರೀಕ್ಷಿಸಿದರು; ಹುರುಪು ಎಂದುಕೊಂಡವರು ಶಾಂತರಾಗಲು ಯತ್ನಿಸಿದವರಿಗಿಂತ ಚೆನ್ನಾಗಿ ಮಾಡಿದರು. ಭಯಕ್ಕೂ ಹುರುಪಿಗೂ ಎದೆಬಡಿತ ಒಂದೇ ರೀತಿ ಏರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭ.

ಕೈಗೆ, ನಾಲಿಗೆಗೆ ಸಂಬಂಧಿಸಿದ ಕೆಲಸದಲ್ಲಿ ಎರಡು-ಮೂರು ಸೂಚನಾ ಪದ ಇಟ್ಟುಕೊಳ್ಳಿ. ಆಟಗಾರರ ಒಳಮಾತಿನ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯಲ್ಲಿ, ಸೂಕ್ಷ್ಮ ಕೌಶಲದ ಕೆಲಸಗಳಿಗೆ ಹುರಿದುಂಬಿಸುವ ಮಾತಿಗಿಂತ ಏನು ಮಾಡಬೇಕೆಂದು ಹೇಳುವ ಮಾತು ಹೆಚ್ಚು ನೆರವಾಗಿತ್ತು. ಮೀಟಿಂಗಿಗೆ: ‘ಉಸಿರು. ನಿಧಾನ. ಪೂರ್ಣವಿರಾಮ.’ ಕೊನೆಯದು ಯಾಕೆಂದರೆ, ಭಯದಲ್ಲಿ ‘ಆ್ಯಂಡ್… ಆ್ಯಂಡ್…’ ಎಂದು ವಾಕ್ಯವನ್ನು ಎಳೆಯುವುದರಿಂದಲೇ ಹೆಚ್ಚಿನ ತಡವರಿಕೆ ಆಗುತ್ತದೆ.

ಪ್ರಶ್ನೆಯಾಗಿಯೂ ಕೇಳಿಕೊಳ್ಳಬಹುದು: ‘ಇವತ್ತು ಹೇಳ್ತೀನಾ?’ 2010ರ ಒಂದು ಸಣ್ಣ ಅಧ್ಯಯನದಲ್ಲಿ ‘ಮಾಡ್ತೀನಿ’ ಎಂದುಕೊಂಡವರಿಗಿಂತ ‘ಮಾಡ್ತೀನಾ’ ಎಂದು ಕೇಳಿಕೊಂಡವರು ಪದಬಂಧದಂಥ ಒಗಟುಗಳನ್ನು ಹೆಚ್ಚು ಬಿಡಿಸಿದರು. ಸಾಕ್ಷ್ಯ ಇನ್ನೂ ತೆಳುವಾದದ್ದು, ಆದರೆ ಖರ್ಚಿಲ್ಲದ ಉಪಾಯ.

ಹೆಜ್ಜೆ 6: ಮಾತಿಗೆ ಕೆಲಸವನ್ನು ಕಟ್ಟಿ (4ರಿಂದ 12ನೇ ವಾರ)

ವ್ಯಕ್ತಿತ್ವ ನಿಜವಾಗಿ ಬದಲಾಗುವುದು ಈ ಹೆಜ್ಜೆಯಲ್ಲಿ. ಮನುಷ್ಯ ತಾನು ಎಂಥವನೆಂದು ತಿಳಿಯುವುದು ಬಹುಮಟ್ಟಿಗೆ ತಾನು ಮಾಡಿದ್ದನ್ನು ನೋಡಿಯೇ ಎಂದು ಮನೋವಿಜ್ಞಾನಿ ಡ್ಯಾರಿಲ್ ಬೆಮ್ 1960ರ ದಶಕದಲ್ಲೇ ವಾದಿಸಿದ್ದರು. ಹಾಗಾಗಿ ಹೊಸ ಮಾತು ಉಳಿಯಬೇಕಾದರೆ ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕು.

ಪ್ರತಿ ಕೆಲಸವನ್ನೂ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ರೂಪದಲ್ಲಿ ಬರೆಯಿರಿ. ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಬೆಳೆಸಿದ ಈ ರೀತಿಯ ಯೋಜನೆ ಬರಿಯ ಸಂಕಲ್ಪಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ಹಲವಾರು ಅಧ್ಯಯನಗಳಲ್ಲಿ ಕಂಡಿದೆ. ‘ಹೀಗಾದಾಗ’ ಎಂಬುದು ಹೊರಗೆ ಕಾಣುವ, ಕೇಳುವ ಸಂಗತಿಯಾಗಿರಬೇಕು. ‘ಧೈರ್ಯ ಬಂದಾಗ’ ಎಂದು ಬರೆದರೆ ಆ ಗಳಿಗೆ ಬರುವುದೇ ಇಲ್ಲ. ‘ಮ್ಯಾನೇಜರ್ ನನ್ನ ಹೆಸರು ಹೇಳಿದ ಕೂಡಲೇ ಕಾಗದದ ಮೊದಲ ಸಾಲು ಓದುತ್ತೇನೆ’ ಎಂದು ಬರೆಯಿರಿ.

ಕೆಲಸಗಳನ್ನು ಭಯದ ಪ್ರಮಾಣಕ್ಕೆ ತಕ್ಕಂತೆ ಮೆಟ್ಟಿಲು ಮಾಡಿ. ಮೊದಲ ಮೆಟ್ಟಿಲು, ಮೀಟಿಂಗಿನ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡುವುದು. ಎರಡನೆಯದು, ಬರೆದ ಒಂದು ಸಾಲನ್ನು ಓದಿ ಹೇಳುವುದು. ಆಮೇಲೆ ಒಂದು ಪ್ರಶ್ನೆ ಕೇಳುವುದು. ಕೇಳಿದ್ದು ಅರ್ಥವಾಗದಿದ್ದರೆ ‘ಕ್ಯಾನ್ ಯೂ ಸೇ ದಟ್ ಅಗೇನ್?’ ಎನ್ನುವುದು, ಕಾಗದದಲ್ಲಿ ನಾಲ್ಕು ಪದ ಮಾತ್ರ ಇಟ್ಟುಕೊಂಡು ಎರಡು ನಿಮಿಷ ಮಾತಾಡುವುದು, ಕೊನೆಗೆ ಯಾರದಾದರೂ ಅಭಿಪ್ರಾಯಕ್ಕೆ ಒಪ್ಪಿಗೆಯಿಲ್ಲವೆಂದು ಹೇಳುವುದು. ಪ್ರತಿ ಮೆಟ್ಟಿಲಲ್ಲೂ ಕನಿಷ್ಠ ಮೂರು ಸಲ ನಿಂತು ಮುಂದೆ ಹೋಗಿ. ಮೊದಲ ಗೆಲುವಿನ ಹುಮ್ಮಸ್ಸಿನಲ್ಲಿ ಎರಡು ಮೆಟ್ಟಿಲು ಹಾರಿದವರಿಗೆ ಅಲ್ಲಿ ಎಡವಿದಾಗ ಹಳೆಯ ತೀರ್ಪೇ ಮೊದಲು ಕೇಳಿಸುತ್ತದೆ.

ಸಂಜೆ ಮೂರು ನಿಮಿಷ ಲೆಕ್ಕ ಬರೆಯಿರಿ. ಹೊಗಳಿಕೆ ಬೇಡ, ಮಾಡಿದ್ದನ್ನು ಮಾತ್ರ: ‘ಮಂಗಳವಾರ. ಒಂದು ಪ್ರಶ್ನೆ ಕೇಳಿದೆ. ಎರಡು ಸಲ ಹೇಳಬೇಕಾಯಿತು. ಉತ್ತರ ಸಿಕ್ಕಿತು.’ ಇಲ್ಲಿ ‘ಆದರೆ’ ಎಂದು ಬರೆಯಲು ಕೈ ಹೋಗುತ್ತದೆ: ‘ಹೇಳಿದೆ, ಆದರೆ ಓದಿಕೊಂಡು ಹೇಳಿದೆ.’ ಹಳೆಯ ತೀರ್ಪು ಹೊಸ ಸಾಕ್ಷಿಯನ್ನು ತಳ್ಳಿಹಾಕುವುದು ಹೀಗೆಯೇ. ಮಾಡಿದ್ದನ್ನು ಬರೆದು ಪೂರ್ಣವಿರಾಮ ಇಡಿ, ಪುಸ್ತಕ ಮುಚ್ಚಿ.

ಹದಿನಾಲ್ಕು ದಿನಕ್ಕೊಮ್ಮೆ ಲೆಕ್ಕವನ್ನೆಲ್ಲ ಓದಿ, ಹಳೆಯ ತೀರ್ಪಿಗೆ ಮತ್ತೆ ಅಂಕ ಕೊಡಿ. 85 ಇದ್ದದ್ದು 12 ವಾರಕ್ಕೆ 50ರ ಆಸುಪಾಸಿಗೆ ಇಳಿದರೆ ಅದು ಒಳ್ಳೆಯ ಫಲ. ಹಳೆಯ ಮಾತು ಪೂರ್ತಿ ನಿಂತುಹೋಗಬೇಕೆಂದು ಕಾಯಬೇಡಿ. ಅದು ಬಂದರೂ ನೀವು ಕೈ ಎತ್ತಿ ಪ್ರಶ್ನೆ ಕೇಳುತ್ತಿದ್ದರೆ ಸಾಕು. ಹೊಸ ನಡವಳಿಕೆ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು ಎಂದು ಲಂಡನ್ನಿನ ಒಂದು ಅಧ್ಯಯನದಲ್ಲಿ ಕಂಡಿದೆ, ಆದರೆ ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲ ಎಂಬುದೂ ಅದೇ ಅಧ್ಯಯನದ ಮಾತು.

ಕೆಟ್ಟು ಹೋದ ದಿನ

ಮೀಟಿಂಗಲ್ಲಿ ಮಾತು ನಿಂತೇಹೋಯಿತು, ಯಾರೋ ನಕ್ಕರು ಎಂದಿಟ್ಟುಕೊಳ್ಳಿ. ತಮ್ಮನ್ನು ಬೈದುಕೊಂಡರೆ ಮಾತ್ರ ತಿದ್ದಿಕೊಳ್ಳುತ್ತೇವೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿವೆ: ಕಷ್ಟದ ಪದಪರೀಕ್ಷೆಯಲ್ಲಿ ಎಡವಿದ ಮೇಲೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸಿದವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಅದೇ ದಿನ ನಾಲ್ಕು ಸಾಲು ಬರೆಯಿರಿ. ಏನಾಯಿತು, ಕ್ಯಾಮೆರಾಗೆ ಕಂಡಂತೆ. ಇದರಲ್ಲಿ ನನ್ನ ಪಾಲೆಷ್ಟು, ಸಂದರ್ಭದ ಪಾಲೆಷ್ಟು. ಇದೇ ನನ್ನ ತಂಗಿಗೆ ಆಗಿದ್ದರೆ ಅವಳಿಗೆ ಏನು ಹೇಳುತ್ತಿದ್ದೆ. 24 ಗಂಟೆಯೊಳಗೆ ಮಾಡುವ ಒಂದು ಕೆಲಸ ಯಾವುದು. ಕೊನೆಯ ಸಾಲು ಇಲ್ಲದಿದ್ದರೆ ಕರುಣೆ ಸಬೂಬಾಗಿಬಿಡುತ್ತದೆ, ಹಾಗಾಗಿ ಅದನ್ನು ಬಿಡಬೇಡಿ. ಬರೆದ ಮೇಲೂ ಅದೇ ದೃಶ್ಯ ಸುತ್ತುತ್ತಿದ್ದರೆ ಒಂದು ಅಳತೆ ಇಟ್ಟುಕೊಳ್ಳಿ: ಹೊಸ ವಿಷಯವೇನೂ ಇಲ್ಲದೆ ಒಂದೇ ಮಾತು ಮೂರನೇ ಸಲ ಬಂದರೆ ಅದು ಯೋಚನೆಯಾಗಿ ಉಳಿದಿಲ್ಲ, ಕೊರಗಾಗಿದೆ. ಎದ್ದು ನಡೆಯಿರಿ, ಪಾತ್ರೆ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ.

ಒಳಮಾತಿನಿಂದ ಆಗದ್ದು

ಒಳಮಾತು ಕ್ರಿಯಾಪದ ಕಲಿಸುವುದಿಲ್ಲ. ಇಂಗ್ಲಿಷಿನ ಅಭ್ಯಾಸವೇ ಕಡಿಮೆಯಿದ್ದರೆ ದಿನಕ್ಕೆ 20 ನಿಮಿಷ ಗಟ್ಟಿಯಾಗಿ ಓದುವುದು, ಕೇಳುವುದು, ಮಾತಾಡುವುದು ಈ ಹೆಜ್ಜೆಗಳ ಜೊತೆಗೇ ನಡೆಯಬೇಕು. ಇನ್ನು ಉಚ್ಚಾರಕ್ಕೆ ನಗುವ ಉಪನ್ಯಾಸಕರು, ಕೆಲಸಕ್ಕಿಂತ ಇಂಗ್ಲಿಷಿನ ಶೈಲಿ ನೋಡಿ ಬಡ್ತಿ ಕೊಡುವ ಕಡೆಗಳು ಇರುವುದು ನಿಜ. ಅಲ್ಲಿ ತಪ್ಪು ನಿಮ್ಮ ತಲೆಯೊಳಗೆ ಇಲ್ಲ. ‘ನನ್ನ ಯೋಚನೆಯೇ ಸರಿಯಿಲ್ಲ’ ಎಂದು ಅದನ್ನೂ ಮೈಮೇಲೆ ಎಳೆದುಕೊಂಡರೆ ಇನ್ನೊಂದು ತೀರ್ಪನ್ನು ಸಾಕಿದಂತಾಗುತ್ತದೆ. ದೂರು ಕೊಡುವುದೋ, ಕನ್ನಡದಲ್ಲೇ ಉತ್ತರಿಸಲು ಅವಕಾಶ ಕೇಳುವುದೋ, ಜಾಗ ಬದಲಿಸುವುದೋ ಅಲ್ಲಿನ ಪರಿಹಾರ.

ಮನೆಯಲ್ಲಿ ಮಕ್ಕಳಿದ್ದರೆ ಒಂದೇ ವಿಷಯ ಗಮನಿಸಿ. ಮಗುವಿಗೆ ನೇರವಾಗಿ ಬೈದದ್ದಕ್ಕಿಂತ, ಬಂದ ನೆಂಟರಿಗೆ ಕಾಫಿ ಕೊಡುತ್ತಾ ‘ನಮ್ಮೋನಿಗೆ ಗಣಿತ ಆಗೋದೇ ಇಲ್ಲ’ ಎಂದು ಅದರೆದುರೇ ಹೇಳುವ ಮಾತು ಆಳಕ್ಕೆ ಇಳಿಯಬಹುದು. ಬೈಗುಳವನ್ನು ಅಪ್ಪನ ಸಿಟ್ಟು ಎಂದಾದರೂ ಮಗು ತಳ್ಳಿಹಾಕೀತು. ನಗುನಗುತ್ತಾ ಹೇಳಿದ್ದು ಅದಕ್ಕೆ ಒಪ್ಪಿತವಾದ ಸತ್ಯದಂತೆ ಕೇಳಿಸುತ್ತದೆ.

ಯಾವಾಗ ಬೇರೆಯವರ ನೆರವು ಬೇಕು

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇದ್ದು ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ, ‘ನಾನಿಲ್ಲದಿದ್ದರೇ ಒಳ್ಳೇದು’ ಎಂಬಂಥ ಮಾತು ಬರುತ್ತಿದ್ದರೆ, ಅಥವಾ ಮಾತು ನಿಮ್ಮದೆನಿಸದೆ ಹೊರಗಿನಿಂದ ಯಾರೋ ಆಡಿದಂತೆ ಕಿವಿಗೆ ಕೇಳಿಸುತ್ತಿದ್ದರೆ ಈ ನೋಟ್‌ಬುಕ್ಕಿನ ಕೆಲಸ ಸಾಲದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕಾಣಬಹುದು. ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಯಾವ ಹೊತ್ತಿನಲ್ಲಿ ಯಾವ ಮಾತು ಬಂತು, ಆಮೇಲೆ ಏನು ಮಾಡಿದಿರಿ ಎಂಬ ಆ ನಾಲ್ಕು ಸಂಗತಿಗಳನ್ನೇ ಆಪ್ತಸಮಾಲೋಚಕರೂ ಮೊದಲು ಕೇಳುವುದರಿಂದ, ಮೊದಲ ಭೇಟಿಯಲ್ಲೇ ಕೆಲಸ ಶುರುವಾಗುತ್ತದೆ.